ಶಿಗ್ಗಾಂವ ಸೀಮೆಯ ವಿದ್ಯಾಪರಂಪರೆಯಲ್ಲಿ ಪ್ರಶ್ನೆಯೂ ಹೇತುವೂ

೧. ವಿಷಯದ ವ್ಯಾಪ್ತಿ

ಭಾಷೆಯನ್ನೂ ಸಾಹಿತ್ಯವನ್ನೂ ಕಲಿಯುವ ವಿದ್ಯಾರ್ಥಿಗಳಲ್ಲಿ ವಿಮರ್ಶಕಬುದ್ಧಿಯನ್ನು ಬೆಳೆಯಿಸಬೇಕೆಂಬ ಮಾತು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಾಗಲಿ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಾಗಲಿ ಬಾಯಿಪಾಠದ ಹೊರೆಯನ್ನು ಇಳಿಸಿ ವಿಚಾರಕ್ಕೆ ಎಡೆಗೊಡಬೇಕೆಂದೇ ಹೇಳುತ್ತವೆ. ಈ ಮಾತನ್ನು ಕೇಳಿದವರಲ್ಲಿ ಅನೇಕರು, ತರಗತಿಯಲ್ಲಿ ಪ್ರಶ್ನೆ ಮಾಡುವ ಪದ್ಧತಿಯು ಪಶ್ಚಿಮದಿಂದ ಬಂದುದೆಂದೂ ನಮ್ಮ ಹಿಂದಿನ ಮಠಗಳಲ್ಲಿ ಗುರುವು ಹೇಳಿದುದನ್ನು ಶಿಷ್ಯನು ಒಪ್ಪಿಸುವುದಲ್ಲದೆ ಬೇರೇನೂ ಇದ್ದಿಲ್ಲವೆಂದೂ ಭಾವಿಸುವುದುಂಟು. ಇನ್ನು ಕೆಲವರು ಇದಕ್ಕೆ ತೀರ ವಿರುದ್ಧವಾಗಿ, ಈಗ ಹೊಸದೆಂದು ಹೇಳುವುದೆಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ತೃಪ್ತಿಪಡುತ್ತಾರೆ. ಇವೆರಡೂ ಪರೀಕ್ಷಿಸದೆ ಹಿಡಿದ ಅಭಿಪ್ರಾಯಗಳು.

ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯು ಈ ಪರೀಕ್ಷೆಗೆ ಒಳ್ಳೆಯ ಕ್ಷೇತ್ರವಾಗಿದೆ. ೧೯೯೭ರಲ್ಲಿ ಹಾವೇರಿ ಜಿಲ್ಲೆಯು ಏರ್ಪಡುವವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ನಾಡಿನಲ್ಲಿ ಜೈನಾಚಾರ್ಯರ ವಿದ್ಯಾಕೇಂದ್ರವಾಗಿದ್ದ ಬಂಕಾಪುರವಿದೆ, ಕನಕದಾಸರ ಬಾಡವಿದೆ, ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡ ಅಬಲೂರು ಮಾಸೂರುಗಳಿವೆ, ಶರೀಫ ಸಾಹೇಬರ ಶಿಶುವಿನಹಾಳವಿದೆ. ಸಾವಿರ ವರ್ಷಗಳ ಅವಧಿಯಲ್ಲಿ ಇಲ್ಲಿ ಪ್ರಶ್ನೆಯು ಯಾವ ಯಾವ ರೂಪಗಳನ್ನು ತಾಳಿತು, ಪ್ರಶ್ನಿಸುವ ಅಧಿಕಾರವು ಯಾರಿಗಿದ್ದಿತು, ಉತ್ತರದಿಂದ ಏನನ್ನು ಅಪೇಕ್ಷಿಸುತ್ತಿದ್ದರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ರೂಪಗಳು ಬೇರೆಬೇರೆಯಾದರೂ ಅವೆಲ್ಲವುಗಳಲ್ಲಿ ಒಂದು ನಿಯಮವು ಸಮಾನವಾಗಿ ಕಾಣುವುದು: ಉತ್ತರವು ತನ್ನ ಹೇತುವಿನೊಡನೆ ಬಂದಾಗಲೇ ಉತ್ತರವೆನಿಸುತ್ತಿದ್ದಿತು. ಈ ನಿಯಮವು ಸಡಿಲಿದುದು ಪರೀಕ್ಷಾಪ್ರಧಾನವಾದ ಶಾಲೆಯ ಕಾಲದಲ್ಲಿ.

೨. ಬಂಕಾಪುರವೂ ಬಳ್ಳಿಗಾವೆಯೂ

ಶಿಗ್ಗಾಂವ ತಾಲ್ಲೂಕಿನ ಬಂಕಾಪುರವು ರಾಷ್ಟ್ರಕೂಟರ ಸಾಮಂತನಾದ ಬಂಕೇಯನ ಹೆಸರನ್ನು ಹೊತ್ತ ಪಟ್ಟಣ. ಜಿನಸೇನಾಚಾರ್ಯರು ಮುಗಿಸದೆ ಬಿಟ್ಟ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರರು ಪೂರ್ಣಗೊಳಿಸಿದರು. ಆ ಉತ್ತರಪುರಾಣದ ಪ್ರಶಸ್ತಿಯು ಕ್ರಿ.ಶ. ೮೯೮ಕ್ಕೆ ಸರಿಯಾದ ಶಕ ೮೨೦ನ್ನೂ, ಬಂಕಾಪುರದಿಂದ ವನವಾಸ ದೇಶವನ್ನು ಆಳುತ್ತಿದ್ದ ಲೋಕಾದಿತ್ಯನನ್ನೂ ಹೆಸರಿಸುತ್ತದೆ. ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರು ಇಲ್ಲಿದ್ದರು. ಗಂಗರ ಮಾರಸಿಂಹನು ರಾಜ್ಯವನ್ನು ಬಿಟ್ಟು ಬಂಕಾಪುರಕ್ಕೆ ಬಂದು ಅವರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡುದನ್ನು ಶ್ರವಣಬೆಳಗೊಳದ ಸ್ತಂಭಶಾಸನವು ತಿಳಿಸುತ್ತದೆ. ಚಾವುಂಡರಾಯನಿಗೂ ಕವಿ ರನ್ನನಿಗೂ ಈ ಅಜಿತಸೇನರೇ ಗುರುಗಳು.

ಈ ಪುರಾಣಗಳ ಕಟ್ಟಡವೇ ಪ್ರಶ್ನೆಯ ಮೇಲೆ ನಿಂತಿರುವುದನ್ನು ಗಮನಿಸಬೇಕು. ಮಗಧರಾಜನಾದ ಶ್ರೇಣಿಕನು ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಕೇಳುವವನಿಲ್ಲದೆ ಕಥೆಯು ಆರಂಭವಾಗದು. ಆದರೆ ಈ ಬಗೆಯ ಪ್ರಶ್ನೆಯು ಜಿಜ್ಞಾಸುವಿನ ಪ್ರಶ್ನೆ. ಇದರಲ್ಲಿ ಎದುರು ಪಕ್ಷವಿಲ್ಲ, ಸಂಶಯವು ಹುಟ್ಟಿದರೂ ಗುರುವಿನ ಮಾತಿನಿಂದಲೇ ಶಮನವಾಗುವುದು. ಎದುರು ಪಕ್ಷವನ್ನು ಎದ್ದು ನಿಲ್ಲಿಸುವ ಪ್ರಶ್ನೆಯನ್ನು ನೋಡಬೇಕಾದರೆ ಶಾಸ್ತ್ರಪಾಠದ ಕಡೆಗೆ ತಿರುಗಬೇಕು.

ಹಿರೇಕೆರೂರ ಸೀಮೆಗೆ ನೈರುತ್ಯದಲ್ಲಿ ಹೊಂದಿಕೊಂಡಿರುವ ಬಳ್ಳಿಗಾವೆಯು ಈಗ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದ್ದರೂ ಅಂದು ಪಾನುಂಗಲ್ಲಿನಂತೆಯೇ ಬನವಾಸಿ ನಾಡಿನ ವಲಯಕ್ಕೆ ಸೇರಿದುದು. ಅಲ್ಲಿಯ ಕೇದಾರೇಶ್ವರದ ಕೋಡಿಯಮಠವನ್ನು ಕಲಚುರಿ ಬಿಜ್ಜಳನ ಕಾಲದ ೧೧೬೨ರ ಶಾಸನವು ವರ್ಣಿಸುತ್ತದೆ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನಕ್ಕೂ, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯ ಬೌದ್ಧಾದಿ ದರ್ಶನಗಳ ವ್ಯಾಖ್ಯಾನಕ್ಕೂ, ಲಾಕುಳ ಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳ ಅಧ್ಯಯನಕ್ಕೂ ಅದು ಸ್ಥಾನವಾಗಿದ್ದಿತೆಂದು ಅದರಲ್ಲಿ ಹೇಳಿದೆ. ಶಾಸನಗಳ ಪ್ರಶಂಸೆಯಲ್ಲಿ ಅತಿಶಯೋಕ್ತಿಯು ಸಹಜವೆಂದು ತಗ್ಗಿಸಿ ಓದಿದರೂ ಎರಡು ಸಂಗತಿಗಳು ಉಳಿಯುತ್ತವೆ. ಒಂದನೆಯದು, ವ್ಯಾಕರಣವೊಂದಲ್ಲ, ಪರಸ್ಪರ ಭಿನ್ನವಾದ ಮೂರು ವ್ಯಾಕರಣಗಳನ್ನು ಹೆಸರಿಸಿರುವುದು. ಶಾಕಟಾಯನವು ಜೈನನಾದ ಪಾಲ್ಯಕೀರ್ತಿಯ ಕೃತಿ. ಎರಡನೆಯದು, ಶೈವಮಠವೊಂದರಲ್ಲಿ ಬೌದ್ಧದರ್ಶನಕ್ಕೆ ಎಡೆಯಿದ್ದುದು. ತಾನು ಒಪ್ಪದ ಮತವನ್ನೂ ಅದರ ಬಲವಾದ ರೂಪದಲ್ಲಿ ಅರಿತಿರಬೇಕೆಂಬುದು ಶಾಸ್ತ್ರಪಾಠದ ಶಿಸ್ತು.

ಈ ಶಿಸ್ತಿನ ಹೆಸರು ಪೂರ್ವಪಕ್ಷ. ಮೀಮಾಂಸಕರ ಅಧಿಕರಣದಲ್ಲಿ ಮೊದಲು ವಿಷಯವನ್ನು ಹೇಳಿ, ಬಳಿಕ ಸಂಶಯವನ್ನು ತೋರಿಸಿ, ಎದುರಾಳಿಯ ಪಕ್ಷವನ್ನು ಎತ್ತಿ, ಅನಂತರವೇ ಸಿದ್ಧಾಂತಕ್ಕೆ ಬರಬೇಕು. ನೈಯಾಯಿಕರು ಕಥೆಯನ್ನು, ಎಂದರೆ ಚರ್ಚೆಯನ್ನು, ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ತತ್ತ್ವನಿರ್ಣಯಕ್ಕಾಗಿ ಪ್ರಮಾಣ ತರ್ಕಗಳಿಂದ ನಡೆಯುವುದು ವಾದ, ಗೆಲ್ಲುವುದೊಂದನ್ನೇ ಬಯಸಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಷ್ಟೇ ವಿತಂಡೆ. ಪ್ರಶ್ನಿಸುವುದೆಲ್ಲವೂ ವಿಚಾರವಲ್ಲವೆಂಬ ಅರಿವು ಈ ವಿಂಗಡಣೆಯಲ್ಲಿದೆ. ಗುರುಶಿಷ್ಯರ ನಡುವೆ ಸಲ್ಲುವುದು ವಾದವೊಂದೇ.

ಕನ್ನಡದ ಶಾಸ್ತ್ರಗ್ರಂಥಗಳೂ ಈ ಮಾರ್ಗವನ್ನು ಬಿಟ್ಟಿಲ್ಲ. ಶಿಗ್ಗಾಂವಿಗೆ ಈಶಾನ್ಯದಲ್ಲಿರುವ ಪುಲಿಗೆರೆಯನ್ನು ತಿರುಳ್ಗನ್ನಡದ ಎಲ್ಲೆಗಳಲ್ಲಿ ಒಂದಾಗಿ ಎಣಿಸಿದ ಕವಿರಾಜಮಾರ್ಗವು, ಕ್ರಮವಾಗಿ ಓದದವರೂ ಕಾವ್ಯಪ್ರಯೋಗದಲ್ಲಿ ನಿಪುಣರಾಗಿರುವರೆಂದು ಈ ನಾಡಿನ ಜನರನ್ನು ಹೊಗಳುತ್ತದೆ; ಆದರೂ ಅದರ ಮೊದಲನೆಯ ಪರಿಚ್ಛೇದವು ದೋಷವಿವೇಚನೆಗೇ ಮೀಸಲಾಗಿದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ವೃತ್ತಿಯಿಂದ ಬಿಡಿಸಿ, ಪೂರ್ವಕವಿಗಳ ಪ್ರಯೋಗಗಳನ್ನು ಸಾಕ್ಷಿಯಾಗಿ ನಿಲ್ಲಿಸುತ್ತಾನೆ. ೧೬೦೪ರಲ್ಲಿ ಭಟ್ಟಾಕಳಂಕನು ರಚಿಸಿದ ಕರ್ಣಾಟಕ ಶಬ್ದಾನುಶಾಸನದ ವ್ಯಾಖ್ಯಾನವು, ದೇಶಭಾಷೆಯಾದ ಕನ್ನಡಕ್ಕೆ ವ್ಯಾಕರಣವೇಕೆಂಬ ಆಕ್ಷೇಪವನ್ನು ತಾನೇ ಎತ್ತಿ ತಾನೇ ಪರಿಹರಿಸುತ್ತದೆ. ಇವರಲ್ಲಿ ಯಾರೂ 'ನಾನು ಹೇಳಿದುದರಿಂದ ಒಪ್ಪು' ಎನ್ನುವವರಲ್ಲ.

ಆದರೆ ಈ ಶಿಸ್ತು ಎಷ್ಟು ಜನರಿಗೆ ದೊರೆಯುತ್ತಿದ್ದಿತು? ಕೋಡಿಯಮಠವು ದೀನರಿಗೂ ಅನಾಥರಿಗೂ ಅಂಗಹೀನರಿಗೂ ಅನ್ನವನ್ನಿಕ್ಕುತ್ತಿದ್ದಿತೆಂದು ಅದೇ ಶಾಸನವು ಹೇಳುತ್ತದೆ. ಆದರೆ ಸಂಸ್ಕೃತ ಶಾಸ್ತ್ರಗಳ ವ್ಯಾಖ್ಯಾನದಲ್ಲಿ ಪಾಲ್ಗೊಳ್ಳಲು ಬೇಕಾದ ಸಿದ್ಧತೆಯು ಅನ್ನದಂತೆ ಎಲ್ಲರಿಗೂ ಹಂಚುವ ವಸ್ತುವಾಗಿರಲಿಲ್ಲ. ಉಂಡು ಹೋಗುವವರಲ್ಲಿ ಬಹುಜನರು ಕೇಳಿ ತಿಳಿಯುವವರ ಸಾಲಿನಲ್ಲಿ ಇರಲಾರರು. ಈ ಸೀಮೆಯ ಮುಂದಿನ ಇತಿಹಾಸದಲ್ಲಿ ಪ್ರಶ್ನೆಯು ಆ ಸಾಲನ್ನು ದಾಟಿ ಹೊರಬಂದ ಬಗೆಯೇ ಹೆಚ್ಚು ಸ್ವಾರಸ್ಯವಾದುದು.

೩. ಕನಕದಾಸರ ಉತ್ತರ

ಶಿಗ್ಗಾಂವ ತಾಲ್ಲೂಕಿನ ಬಾಡದವರಾದ ಕನಕದಾಸರು ವ್ಯಾಸರಾಯರ ಶಿಷ್ಯರೆಂದು ಸಂಪ್ರದಾಯವಿದೆ. ವ್ಯಾಸರಾಯರು ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವಗಳನ್ನು ರಚಿಸಿದ ಮಹಾತಾರ್ಕಿಕರು; ೧೫೩೯ರಲ್ಲಿ ಕಾಲವಾದರು. ಇವರಿಬ್ಬರನ್ನು ಕುರಿತು ನಾಡಿನಲ್ಲೆಲ್ಲ ಹಬ್ಬಿರುವ ಎರಡು ಐತಿಹ್ಯಗಳನ್ನು ಇಲ್ಲಿ ತೆಗೆದುಕೊಳ್ಳಬಹುದು. ಇವು ಬಾಯಿಂದ ಬಾಯಿಗೆ ಬಂದ ಕಥೆಗಳಾದುದರಿಂದ, ಇಂಥ ದಿನ ಇಂಥ ಸಂಗತಿಯು ನಡೆಯಿತೆಂಬುದಕ್ಕೆ ಪ್ರಮಾಣವಾಗಲಾರವು. ಆದರೆ ಒಳ್ಳೆಯ ಪ್ರಶ್ನೆಯೂ ಒಳ್ಳೆಯ ಉತ್ತರವೂ ಹೇಗಿರಬೇಕೆಂದು ಜನರು ಬಗೆದಿದ್ದರೆಂಬುದಕ್ಕೆ ಇವೇ ಪ್ರಮಾಣಗಳು.

ಮೊದಲನೆಯದು ಬಾಳೆಯ ಹಣ್ಣಿನ ಕಥೆ. ಯಾರೂ ಕಾಣದೆಡೆಯಲ್ಲಿ ತಿಂದು ಬನ್ನಿರೆಂದು ಗುರುಗಳು ಶಿಷ್ಯರಿಗೆಲ್ಲ ಒಂದೊಂದು ಹಣ್ಣನ್ನು ಕೊಟ್ಟರು. ಉಳಿದವರೆಲ್ಲರೂ ತಿಂದು ಬಂದರು. ಕನಕದಾಸರು ಮಾತ್ರ ಹಣ್ಣನ್ನು ಮರಳಿ ತಂದು, ದೇವರು ಕಾಣದ ಎಡೆಯು ಸಿಕ್ಕಲಿಲ್ಲವೆಂದರು. ಈ ಕಥೆಯನ್ನು ಭಕ್ತಿಯ ಮಹಿಮೆಗಾಗಿ ಹೇಳುವುದು ವಾಡಿಕೆ. ಪಾಠಕ್ರಮದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸಂಗತಿಯು ತೋರುವುದು. ಉಳಿದ ಶಿಷ್ಯರು ಆಜ್ಞೆಯನ್ನು ಪಾಲಿಸಿದರು, ಕನಕದಾಸರು ಆಜ್ಞೆಯೊಳಗಿನ 'ಯಾರೂ' ಎಂಬ ಶಬ್ದದ ವ್ಯಾಪ್ತಿಯನ್ನು ಪರೀಕ್ಷಿಸಿದರು. ಬರಿಗೈಯಲ್ಲಿ ಬಂದವರು ಗೆಲ್ಲಲಿಲ್ಲ. ಹಣ್ಣನ್ನು ತಿರುಗಿ ತಂದು, ತಿನ್ನದಿದ್ದುದಕ್ಕೆ ಹೇತುವನ್ನು ಹೇಳಿದವರು ಗೆದ್ದರು.

ಎರಡನೆಯದು ಭಾಷೆಯ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರವಾದುದು. ಇಲ್ಲಿರುವವರಲ್ಲಿ ಮೋಕ್ಷಕ್ಕೆ ಹೋಗುವವರು ಯಾರೆಂಬ ಪ್ರಶ್ನೆಯು ಬಂದಾಗ ಕನಕದಾಸರು ಒಬ್ಬೊಬ್ಬರನ್ನೇ ಅಲ್ಲಗಳೆದು, ಕೊನೆಗೆ 'ನಾನು ಹೋದರೆ ಹೋದೇನು' ಎಂದರೆಂದು ಕಥೆ. ಕೇಳಿದವರಿಗೆ ಅದು ಅಹಂಕಾರದ ಮಾತಾಗಿ ಕಂಡಿತು. 'ನಾನು' ಎಂಬುದು ಹೋದರೆ ಹೋಗಬಹುದೆಂಬ ಅರ್ಥವು ಬಿಡಿಸಿದ ಮೇಲೆ ತಿಳಿಯಿತು. ಈ ಶ್ಲೇಷೆಯು ಸಾಧ್ಯವಾದುದು ಕನ್ನಡದ ಕ್ರಿಯಾರೂಪದಿಂದ. 'ಹೋದರೆ' ಎಂಬ ಪಕ್ಷಾರ್ಥಕ ರೂಪವು ಪುರುಷ ಲಿಂಗ ವಚನಗಳ ಪ್ರತ್ಯಯವನ್ನು ಹೊರುವುದಿಲ್ಲ. ಅದರ ಕರ್ತೃವು ಉತ್ತಮಪುರುಷನಾದರೂ ಆಗಬಹುದು, 'ನಾನು' ಎಂಬ ಭಾವವನ್ನು ಹೆಸರಿಸುವ ನಾಮಪದವಾದರೂ ಆಗಬಹುದು. 'ಹೋದೆನು', 'ಹೋಯಿತು' ಎಂಬ ಪೂರ್ಣಕ್ರಿಯೆಗಳಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಇಂಗ್ಲಿಷಿನಲ್ಲಿಯೂ ಕ್ರಿಯಾರೂಪವು ಕರ್ತೃವಿಗನುಸಾರವಾಗಿ ಬದಲಾಗುವುದರಿಂದ ಈ ಮಾತಿನ ಸೊಗಸು ನಿಲ್ಲಲಾರದು. ಇನ್ನು ಕೊನೆಯ 'ಹೋದೇನು' ಎಂಬುದು ಸಂಭಾವನಾರ್ಥಕ; 'ಹೋಗುವೆನು' ಎಂಬ ನಿಶ್ಚಯವನ್ನು ಹೇಳುವವನು ಅದನ್ನು ಬಳಸಲಾರನು. ಆದುದರಿಂದ ಮಾತನ್ನು ಗಮನವಿಟ್ಟು ಕೇಳಿದವನಿಗೆ, ಹೇಳಿದವನು ಅಹಂಕಾರಿಯಲ್ಲವೆಂಬ ಸುಳಿವು ಆ ಕ್ರಿಯಾಪದದಲ್ಲಿಯೇ ದೊರೆಯುತ್ತಿದ್ದಿತು.

ಇಲ್ಲೊಂದು ಆಕ್ಷೇಪವು ಏಳಬಹುದು. ಒಂದರ್ಥದಲ್ಲಿ ಆಡಿದ ಮಾತನ್ನು ಇನ್ನೊಂದರ್ಥದಲ್ಲಿ ಹಿಡಿಯುವುದು ನ್ಯಾಯಶಾಸ್ತ್ರದಲ್ಲಿ ವಾಕ್ಛಲವೆಂಬ ದೋಷವಷ್ಟೆ. 'ನವಕಂಬಲ' ಎಂದರೆ ಹೊಸ ಕಂಬಳಿಯೆಂದು ಹೇಳಿದವನನ್ನು, ನಿನ್ನಲ್ಲಿ ಒಂಬತ್ತು ಕಂಬಳಿಗಳೆಲ್ಲಿವೆಯೆಂದು ಹೀಗಳೆಯುವುದು ಅದಕ್ಕೆ ಪ್ರಸಿದ್ಧವಾದ ಉದಾಹರಣೆ. ಹಾಗಾದರೆ ಕನಕದಾಸರ ಉತ್ತರವೂ ಛಲವಾಗದೇ? ಆಗದು. ಛಲದಲ್ಲಿ ಎದುರಾಳಿಯ ಶಬ್ದವನ್ನು ತಿರುಚಲಾಗುತ್ತದೆ, ಇಲ್ಲಿ ಆಡಿದವರೇ ತಮ್ಮ ಶಬ್ದದ ಎರಡು ಮುಖಗಳನ್ನು ತೋರಿಸುತ್ತಾರೆ. ಛಲದಿಂದ ವಿಚಾರವು ನಿಲ್ಲುತ್ತದೆ, ಇಲ್ಲಿ ಮುಂದುವರಿಯುತ್ತದೆ. ತರ್ಕತಾಂಡವದ ಕರ್ತೃವಿನ ಮುಂದೆ ಇಂಥ ಉತ್ತರವನ್ನು ಇರಿಸಿ, ಅದಕ್ಕೆ ಅವರ ಒಪ್ಪಿಗೆಯನ್ನು ಪಡೆಯಿಸಿದ ಜನಪದದ ಕಲ್ಪನೆಯು ಸಾಮಾನ್ಯವಾದುದಲ್ಲ. ಶಾಸ್ತ್ರಾಧಿಕಾರವಿಲ್ಲದವನೆಂದು ಎಣಿಸಲ್ಪಟ್ಟವನೇ ಶಾಸ್ತ್ರಿಗಳಿಗಿಂತ ಚೆನ್ನಾಗಿ ಮಾತನ್ನು ಬಲ್ಲನೆಂಬುದೇ ಈ ಐತಿಹ್ಯಗಳ ಹುರುಳು.

೪. ರಾಮಧಾನ್ಯಚರಿತೆಯ ವಾದ

ಐತಿಹ್ಯವನ್ನು ಬದಿಗಿಟ್ಟು ಕನಕದಾಸರ ಕೃತಿಯನ್ನೇ ನೋಡಿದರೂ ಇದೇ ಬುದ್ಧಿಯು ಕಾಣುವುದು. ಭಾಮಿನೀ ಷಟ್ಪದಿಯಲ್ಲಿರುವ ರಾಮಧಾನ್ಯಚರಿತೆಯು ನರೆದಲೆಗವೆಂಬ ರಾಗಿಗೂ ವ್ರೀಹಿಯೆಂಬ ನೆಲ್ಲಿಗೂ ನಡೆದ ವಿವಾದ. ಲಂಕೆಯಿಂದ ಮರಳುವ ರಾಮನ ಮುಂದೆ ಧಾನ್ಯಗಳಲ್ಲಿ ಯಾವುದು ಹಿರಿದೆಂಬ ಪ್ರಶ್ನೆಯು ಏಳುತ್ತದೆ. ಗೌತಮಮುನಿಯು ನರೆದಲೆಗವನ್ನು ಎತ್ತಿಹಿಡಿಯುತ್ತಾನೆ. ವ್ರೀಹಿಯು ತನ್ನ ಕುಲವನ್ನೂ, ಯಜ್ಞ ಮಂಗಳಕಾರ್ಯಗಳಲ್ಲಿ ತನಗಿರುವ ಸ್ಥಾನವನ್ನೂ ಹೇಳಿಕೊಂಡು ಎದುರಾಳಿಯನ್ನು ಹೀನವೆಂದು ಜರೆಯುತ್ತದೆ. ನರೆದಲೆಗವು ಬಡವರ ಮೊಗವನ್ನು ನೋಡದವನೆಂದು ವ್ರೀಹಿಯನ್ನು ಹಳಿಯುತ್ತದೆ. ರಾಮನು ಮಾತಿನಿಂದ ತೀರ್ಪುಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿಯು ಮುಗಿದಾಗ ವ್ರೀಹಿಯು ಸೊರಗಿದ್ದಿತು, ನರೆದಲೆಗವು ಕುಂದದೆ ಇದ್ದಿತು. ಅದಕ್ಕೆ ರಾಘವನ ಹೆಸರು ದೊರೆಯಿತು.

ಕುಲದ ಹೆಮ್ಮೆಯನ್ನು ಮುರಿಯುವ ಕಾವ್ಯವಿದೆಂದು ಉಪಾಧ್ಯಾಯನು ಹೇಳಿ ಮುಗಿಸಿದರೆ ತಪ್ಪಾಗದು. ಆದರೆ ವಿದ್ಯಾರ್ಥಿಗೆ ಕೆಲಸವೂ ಉಳಿಯದು. ಈ ಕಾವ್ಯವು ತಾನಾಗಿಯೇ ಮೂರು ಪ್ರಶ್ನೆಗಳನ್ನು ಎಬ್ಬಿಸುತ್ತದೆ.

ಮೊದಲನೆಯದು, ಪರೀಕ್ಷೆಯು ನ್ಯಾಯವಾದುದೇ? ಬಹುಕಾಲ ಕೆಡದಿರುವುದೇ ಹಿರಿಮೆಗೆ ಹೇತುವಾದರೆ ಕಲ್ಲೂ ಕೆಡದು. ಹೇತುವು ಬೇಡದ ಕಡೆಗೂ ಹರಿದಂತಾಯಿತು. ಇದನ್ನೇ ನೈಯಾಯಿಕರು ಸವ್ಯಭಿಚಾರವೆಂಬ ಹೇತ್ವಾಭಾಸವೆನ್ನುವರು. ಇದಕ್ಕೆ ಸಮಾಧಾನವನ್ನು ಹುಡುಕುವ ವಿದ್ಯಾರ್ಥಿಯು, ಇಲ್ಲಿ ಕೇಳಿರುವುದು ಧಾನ್ಯಗಳೊಳಗಣ ಹಿರಿಮೆಯನ್ನೆಂದೂ, ಧಾನ್ಯದ ಪ್ರಯೋಜನವು ಹಸಿವನ್ನು ನೀಗುವುದೆಂದೂ, ಮಳೆಯು ತಪ್ಪುವ ನಾಡಿನಲ್ಲಿ ಕೆಡದೆ ನಿಲ್ಲುವುದು ಬಹಳ ದೊಡ್ಡ ಗುಣವೆಂದೂ ಹೇಳಬಲ್ಲನು. ಹಗೇವಿನಲ್ಲಿ ಕಾಳನ್ನು ತುಂಬಿಟ್ಟು ಬರಗಾಲವನ್ನು ದಾಟಿದ ಮನೆಗಳ ಮಕ್ಕಳಿಗೆ ಈ ಸಮಾಧಾನವು ಪುಸ್ತಕದಿಂದ ಬರಬೇಕಾಗಿಲ್ಲ.

ಎರಡನೆಯದು, ಎರಡು ಪಕ್ಷಗಳ ಮಾತಿನಲ್ಲಿ ಹೇತುವೆಷ್ಟು, ಬೈಗುಳವೆಷ್ಟು? ಯಜ್ಞದಲ್ಲಿ ಬಳಕೆಯಾಗುತ್ತೇನೆಂಬುದು ಹೇತು. ನೀನು ಹೀನನೆಂಬುದು ಬೈಗುಳ. ಬಡವರನ್ನು ನೋಡದವನೆಂಬುದು ಬೈಗುಳದ ರೂಪದಲ್ಲಿರುವ ಹೇತು. ಇವನ್ನು ಬೇರ್ಪಡಿಸಿ ಬರೆಯುವುದಕ್ಕಿಂತ ಒಳ್ಳೆಯ ತರ್ಕಪಾಠವು ಸಾಹಿತ್ಯದ ತರಗತಿಯಲ್ಲಿ ವಿರಳ.

ಮೂರನೆಯದು, ಬಾಡದ ಕವಿಯು ರಾಗಿಯನ್ನೇ ಏಕೆ ಆಯ್ದುಕೊಂಡನು? ಈ ಸೀಮೆಯಲ್ಲಿ ಹಾನಗಲ್ಲಿನ ಕೆರೆಗಳ ಕೆಳಗೆ ನೆಲ್ಲು ಬೆಳೆಯುತ್ತದೆ. ಮೂಡಣ ಬಯಲಿನ ಜನರ ನಿತ್ಯದ ಊಟವು ಜೋಳದ ರೊಟ್ಟಿ. ನೆಲ್ಲಿಗೆ ಎದುರಾಗಿ ಜೋಳವು ನಿಲ್ಲುವುದು ಸಹಜವಾಗಿದ್ದಿತು. ರಾಗಿಯಿಂದ ರಾಘವನಿಗೆ ನಡೆಯುವ ನಾಮನಿರ್ವಚನವೇ ಆಯ್ಕೆಗೆ ಕಾರಣವಿರಬಹುದು. ವಿಜಯನಗರದ ಅರಸೊತ್ತಿಗೆಯ ಕಾಲದಲ್ಲಿ ಕೃತಿಯು ರಾಗಿಯ ನಾಡಿನ ಓದುಗರನ್ನೂ ಉದ್ದೇಶಿಸಿದುದಿರಬಹುದು. ಇಲ್ಲಿ ಉಪಾಧ್ಯಾಯನ ಕೈಯಲ್ಲಿಯೂ ಸಿದ್ಧವಾದ ಉತ್ತರವಿಲ್ಲ. ಆದರೆ ಯಾವ ಊಹೆಗೆ ಕಾವ್ಯದಲ್ಲಿ ಎಷ್ಟು ಆಧಾರವಿದೆಯೆಂದು ತೂಗಿ ನೋಡಬಹುದು. ಮೊದಲನೆಯದಕ್ಕೆ ಕೃತಿಯ ಹೆಸರೇ ಸಾಕ್ಷಿಯಾಗಿರುವುದರಿಂದ ಅದರ ಬಲವು ಹೆಚ್ಚು.

೫. ಒಗಟೂ ಮುಂಡಿಗೆಯೂ

ಶಾಸ್ತ್ರವನ್ನು ಓದದವರ ಮನೆಯಂಗಳದಲ್ಲಿ ಪ್ರಶ್ನೆಗೆ ಬೇರೊಂದು ರೂಪವಿದ್ದಿತು. ಅದೇ ಒಗಟು. ಹಿರೇಕೆರೂರ ಸೀಮೆಯ ಅಬಲೂರು ಮಾಸೂರುಗಳೊಡನೆ ಸಂಪ್ರದಾಯವು ಬೆಸೆದಿರುವ ಸರ್ವಜ್ಞನ ತ್ರಿಪದಿಗಳಲ್ಲಿ ಒಗಟಿನ ರೂಪದವೂ ಹಲವಿವೆ. ಹೆಂಗಸರೂ ಮಕ್ಕಳೂ ದನಕಾಯುವವರೂ ಯಾರ ಅಪ್ಪಣೆಯನ್ನೂ ಬೇಡದೆ ಕೇಳಬಹುದಾದ ಪ್ರಶ್ನೆ ಇದೊಂದೇ ಆಗಿದ್ದಿತೆಂದರೆ ಸಲ್ಲುವುದು.

ಒಗಟಿನ ಉತ್ತರವು ಕೇಳುವವನಿಗೆ ಮೊದಲೇ ತಿಳಿದಿರುವುದರಿಂದ ಅದು ಬರಿಯ ಜ್ಞಾಪಕದ ಪರೀಕ್ಷೆಯೆಂದು ತೋರಬಹುದು. ಅದರ ರಚನೆಯನ್ನು ನೋಡಿದರೆ ಹಾಗೆನ್ನಲಾಗದು. ತೆಂಗಿನಕಾಯಿಯನ್ನು ಕುರಿತ ಪ್ರಸಿದ್ಧವಾದ ಸಂಸ್ಕೃತ ಪ್ರಹೇಳಿಕೆಯೊಂದು, ಮರದ ತುದಿಯಲ್ಲಿರುವುದನ್ನೂ ಮೂರು ಕಣ್ಣುಗಳನ್ನೂ ಒಳಗಣ ನೀರನ್ನೂ ಒಂದೊಂದಾಗಿ ಹೇಳಿ, ಒಂದೊಂದರಿಂದ ಸೂಚಿತವಾಗುವ ಉತ್ತರವನ್ನು ಅಲ್ಲಿಯೇ ಅಲ್ಲಗಳೆಯುತ್ತದೆ. ಕೇಳುವವನ ಮನಸ್ಸು ಹಕ್ಕಿಯ ಕಡೆಗೆ, ಶಿವನ ಕಡೆಗೆ, ಕೊಡದ ಕಡೆಗೆ ಹರಿದು ಪ್ರತಿಸಾರಿಯೂ ಹಿಂತಿರುಗಬೇಕು. ಕನ್ನಡದ ಒಗಟುಗಳ ನಡೆಯೂ ಬಹುಮಟ್ಟಿಗೆ ಇದೇ. ಒಂದು ಲಕ್ಷಣಕ್ಕೆ ಹೊಂದಿದ ಉತ್ತರವು ಸಾಲದು, ಹೇಳಿದ ಲಕ್ಷಣಗಳೆಲ್ಲಕ್ಕೂ ಹೊಂದಬೇಕು. ಲಕ್ಷಣವು ಅತಿವ್ಯಾಪ್ತಿ ಅವ್ಯಾಪ್ತಿಗಳಿಲ್ಲದೆ ಇರಬೇಕೆಂಬ ಶಾಸ್ತ್ರಕಾರರ ಕಟ್ಟಳೆಯನ್ನು ಅಂಗಳದ ಮಕ್ಕಳು ಆಡುತ್ತ ಕಲಿಯುತ್ತಿದ್ದರು.

ಇದೇ ರೂಪವು ಅಧ್ಯಾತ್ಮಕ್ಕೆ ತಿರುಗಿದಾಗ ಬೆಡಗಿನ ವಚನವೂ ಮುಂಡಿಗೆಯೂ ಆಯಿತು. ಕನಕದಾಸರ ಮುಂಡಿಗೆಗಳು ಪ್ರಸಿದ್ಧವಾದುವು. ಶಿಗ್ಗಾಂವ ತಾಲ್ಲೂಕಿನ ಶಿಶುವಿನಹಾಳದ ಶರೀಫ ಸಾಹೇಬರು (೧೮೧೯–೧೮೮೯) ಈ ಮಾರ್ಗವನ್ನು ತತ್ತ್ವಪದಗಳಲ್ಲಿ ಮುಂದುವರಿಸಿದರು. ಚಿಕ್ಕದು ದೊಡ್ಡದನ್ನು ನುಂಗುವ ಚಿತ್ರಗಳನ್ನು ಸಾಲಾಗಿ ಜೋಡಿಸಿದ ಅವರ ಪದವನ್ನು ಅರಿಯದ ಕನ್ನಡಿಗರು ವಿರಳ. ಕಳಸದ ಗೋವಿಂದಭಟ್ಟರು ಅವರ ಗುರುಗಳು. ನಿನ್ನಪ್ಪನು ಯಾರೆಂದು ಗುರುಗಳು ಕೇಳಿದಾಗ ಬಾಲಕನಾದ ಶರೀಫನು, ನಿಮ್ಮಪ್ಪನೂ ನನ್ನಪ್ಪನೂ ಒಬ್ಬನೇ ಎಂಬರ್ಥದ ಉತ್ತರವನ್ನು ಕೊಟ್ಟನೆಂದು ಜನರು ಹೇಳುತ್ತಾರೆ. ಬಾಳೆಯ ಹಣ್ಣಿನ ಕಥೆಯಂತೆ ಇದೂ ಐತಿಹ್ಯವೇ. ಇದರ ಹುರುಳೂ ಅದರಂತೆಯೇ ಇದೆ. ವಂಶವನ್ನು ಕೇಳಿದ ಪ್ರಶ್ನೆಯೊಳಗಿನ 'ಅಪ್ಪ' ಎಂಬ ಶಬ್ದವನ್ನು ಶಿಷ್ಯನು ಪರೀಕ್ಷಿಸಿ ಮರಳಿಸುತ್ತಾನೆ. ಗುರುವು ಕೋಪಿಸದೆ ಅವನನ್ನು ಹತ್ತಿರಕ್ಕೆ ತೆಗೆದುಕೊಳ್ಳುತ್ತಾನೆ. ಉತ್ತರದ ಯೋಗ್ಯತೆಯಿಂದಲೇ ಶಿಷ್ಯನ ಅಧಿಕಾರವು ನಿರ್ಣಯವಾಗುವುದು, ಹುಟ್ಟಿನಿಂದಲ್ಲ.

ಮುಂಡಿಗೆಯನ್ನು ಬಿಡಿಸುವ ಕ್ರಮವನ್ನು ಕುರಿತು ಒಂದು ಮಾತನ್ನು ಹೇಳುವುದು ಅವಶ್ಯ. ಕೋತಿಯೆಂದರೆ ಮನಸ್ಸು ಎಂಬ ಸಂಕೇತವು ಹಳೆಯದು, ಸಹಜವಾದುದು. ಎರಡರ ಚಂಚಲತೆಯೂ ಸಮಾನವಾದುದರಿಂದ ಅದಕ್ಕೆ ಹೇತುವಿದೆ. ಆದರೆ ಅದನ್ನು ನುಂಗುವ ಪ್ರಾಣಿಗೆ ವ್ಯಾಖ್ಯಾನಕಾರನು ಒಂದು ತತ್ತ್ವವನ್ನು ಹೊಂದಿಸಿದ ಕೂಡಲೆ, ಆ ಪ್ರಾಣಿಯ ಯಾವ ಗುಣದಿಂದ ಈ ಹೊಂದಿಕೆಯೆಂದು ಕೇಳಬೇಕು. ಹೇತುವಿಲ್ಲದೆ ಶಬ್ದಕ್ಕೊಂದು ತತ್ತ್ವವನ್ನು ಕೊಟ್ಟ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಮುಂಡಿಗೆಯು ಬಿಡಿಸಿದಂತಾಗಲಿಲ್ಲ, ಮುಚ್ಚಿದಂತಾಯಿತು.

೬. ಶಾಲೆಯ ಪ್ರಶ್ನೆ

ಶರೀಫರು ಕೆಲಕಾಲ ಶಾಲಾಶಿಕ್ಷಕರಾಗಿದ್ದು ಆ ವೃತ್ತಿಯನ್ನು ಬಿಟ್ಟವರು. ಅವರ ಆಯುಷ್ಯವು ಒಂದು ವಿದ್ಯಾಪದ್ಧತಿಯು ಇಳಿದು ಇನ್ನೊಂದು ಏರಿದ ಕಾಲವನ್ನು ಆವರಿಸಿದೆ. ೧೮೧೮ರಲ್ಲಿ ಪೇಶವೆಯರ ಆಳಿಕೆಯು ಕೊನೆಗಂಡು ಈ ಪ್ರದೇಶದ ಬಹುಭಾಗವು ಕುಂಪಣಿ ಸರಕಾರದ ವಶವಾಯಿತು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿ ೧೯೪೮ರವರೆಗೆ ಉಳಿಯಿತು. ೧೮೫೪ರ ಶಿಕ್ಷಣ ನಿರೂಪದ ತರುವಾಯ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಏರ್ಪಟ್ಟು, ಕನ್ನಡ ಶಾಲೆಗಳು, ಅವುಗಳಿಗೆ ಮುದ್ರಿತ ಪಠ್ಯಪುಸ್ತಕಗಳು, ಅವನ್ನು ಪರೀಕ್ಷಿಸಲು ಇನ್‌ಸ್ಪೆಕ್ಟರರು ಡೆಪುಟಿಗಳು ಬಂದರು. ರಸೆಲ್ ಸಾಹೇಬರೂ ಡೆಪುಟಿ ಚನ್ನ ಬಸಪ್ಪನವರೂ ಮರಾಠಿಯ ಪ್ರಾಬಲ್ಯವಿದ್ದ ಈ ಭಾಗದಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದುದು ಸರ್ವವಿದಿತವಾಗಿದೆ.

ಅದಕ್ಕೆ ಮೊದಲಿನ ಗಾಂವಠಿ ಶಾಲೆಗಳನ್ನೂ ಐಗಳ ಮಠಗಳನ್ನೂ ವಿಚಾರದ ತವರೆಂದು ಭಾವಿಸುವುದು ಸರಿಯಲ್ಲ. ಅಲ್ಲಿ ಓಲೆ ಕಡತ ಮಗ್ಗಿ ಕಾಗುಣಿತಗಳೇ ಮುಖ್ಯವಾಗಿದ್ದುವು, ಬೆತ್ತವೂ ಇದ್ದಿತು. ಬಾಯಿಪಾಠವನ್ನು ಪರದೇಶದವರು ತಂದರೆನ್ನುವಂತಿಲ್ಲ. ಹೊಸ ಶಾಲೆಯು ತಂದುದು ಬೇರೊಂದು. ಮುದ್ರಿತವಾದ ಒಂದೇ ಪಾಠ, ಅದರ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ, ಆ ಪ್ರಶ್ನೆಗೆ ಒಂದೇ ಉತ್ತರ, ಉತ್ತರವನ್ನು ಕಾಣದ ಪರೀಕ್ಷಕನ ಮುಂದೆ ಇರಿಸುವ ಕ್ರಮ. ೧೮೬೦ರ ದಶಕದಲ್ಲಿ ಖಾಸಗಿ ಶಾಲೆಗಳಿಗೆ ಪರೀಕ್ಷೆಯ ಫಲಿತಾಂಶದ ಮೇಲೆ ಅನುದಾನವನ್ನು ಗೊತ್ತುಮಾಡುವ ಪದ್ಧತಿಯೂ ಆರಂಭವಾದ ಮೇಲೆ, ವಿದ್ಯಾರ್ಥಿಯ ಉತ್ತರದಿಂದ ಉಪಾಧ್ಯಾಯನ ಅನ್ನವೂ ನಿರ್ಣಯವಾಗತೊಡಗಿತು. ಇನ್‌ಸ್ಪೆಕ್ಟರರು ಕೇಳಬಹುದಾದುದನ್ನು ಮೊದಲೇ ಊಹಿಸಿ ಉತ್ತರವನ್ನು ಕಲಿಸಿಡುವುದು ಅಂಥ ಸ್ಥಿತಿಯಲ್ಲಿ ಅನಿವಾರ್ಯವಾಯಿತು. ಹೇತುವನ್ನು ವಿಚಾರಿಸಲು ಪರೀಕ್ಷಕನಿಗೆ ಹೊತ್ತಿಲ್ಲ. ಹೇಳಲು ವಿದ್ಯಾರ್ಥಿಗೆ ಎಡೆಯಿಲ್ಲ.

ಈ ವ್ಯವಸ್ಥೆಯ ಪಕ್ಷದಲ್ಲಿ ಹೇಳಬೇಕಾದ ಮಾತೂ ಉಂಟು. ಎಲ್ಲರಿಗೂ ಒಂದೇ ಪ್ರಶ್ನೆಯೆಂಬಲ್ಲಿ ನ್ಯಾಯವೊಂದಿದೆ. ಪರೀಕ್ಷಕನು ಹುಟ್ಟನ್ನು ಕೇಳದೆ ಕಾಗದವನ್ನು ನೋಡುತ್ತಾನೆ. ಕೋಡಿಯಮಠದ ವ್ಯಾಖ್ಯಾನಮಂಟಪವನ್ನು ಹತ್ತಲಾರದವರ ಮಕ್ಕಳು ಕನ್ನಡ ಶಾಲೆಯಲ್ಲಿ ಕುಳಿತು ಮುಲ್ಕಿ ಪರೀಕ್ಷೆಗೆ ಹೋಗಿ ಮಾಸ್ತರರಾದರು, ಕಾರಕೂನರಾದರು. ಕನಕದಾಸರ ಶರೀಫರ ಐತಿಹ್ಯಗಳು ಯಾವುದನ್ನು ಒಬ್ಬಿಬ್ಬರ ಭಾಗ್ಯವಾಗಿ ಕಂಡುವೋ ಅದನ್ನು ಸಾವಿರಾರು ಜನರಿಗೆ ತೆರೆದುದು ಈ ಶಾಲೆ. ಆದುದರಿಂದ ಹಿಂದಿನದನ್ನು ಹಿಂತಿರುಗಿಸಬೇಕೆಂದು ವಿವೇಕಿಗಳು ಹೇಳಲಾರರು. ಬಾಗಿಲು ಅಗಲವಾದಾಗ ಒಳಗಿನ ಪಾಠವು ಬಡವಾಯಿತೆಂಬುದೇ ವಿಚಾರಿಸಬೇಕಾದ ಸಂಗತಿ.

ಆ ಬಡತನವನ್ನು ನೀಗುವ ಯತ್ನಗಳು ಮೊದಮೊದಲು ತರಗತಿಯ ಹೊರಗೆ ನಡೆದುವು. ೧೮೯೦ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವೂ, ಮುಂದೆ ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪೂ ವಿದ್ಯಾವಂತ ತರುಣರಿಗೆ ಚರ್ಚೆಯ ಅಂಗಳಗಳಾದುವು. ಸವಣೂರಿನಲ್ಲಿ ೧೯೦೯ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಈ ಗುಂಪಿನಲ್ಲಿ ಬೆಳೆದು, ಆಯುಷ್ಯದ ಬಹುಭಾಗವನ್ನು ಸಾಹಿತ್ಯದ ಅಧ್ಯಾಪನದಲ್ಲಿ ಕಳೆದರು. ರೆವರೆಂಡ್ ಉತ್ತಂಗಿ ಚನ್ನಪ್ಪನವರು ೧೯೨೪ರಲ್ಲಿ ಹೊರತಂದ ಸರ್ವಜ್ಞನ ವಚನಗಳ ಸಂಗ್ರಹವು ಇನ್ನೊಂದು ಬಗೆಯ ನಿದರ್ಶನ. ಜನರ ಬಾಯಲ್ಲಿ, ಓಲೆಗಳಲ್ಲಿ ಚೆದರಿದ್ದ ತ್ರಿಪದಿಗಳನ್ನು ಕೂಡಿಸಿ, ಪಾಠಭೇದಗಳನ್ನು ಎದುರುಬದುರಾಗಿ ಇರಿಸಿ ನೋಡುವ ಕಾರ್ಯದಲ್ಲಿ ಪ್ರತಿಯೊಂದು ಶಬ್ದವೂ ಪ್ರಶ್ನೆಯಾಗಿ ನಿಲ್ಲುತ್ತದೆ: ಈ ಪಾಠವೇ ಏಕೆ, ಆ ಪಾಠವು ಏಕಲ್ಲ?

೭. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ನಿರ್ಣಯಗಳಿಗೆ ಬರಬಹುದು. ವಿಮರ್ಶಕಬುದ್ಧಿಯು ಈ ಸೀಮೆಗೆ ಹೊರಗಿನಿಂದ ಬಂದುದಲ್ಲ; ಮಠದ ವಾದ, ಗುರುವಿನ ಪ್ರಶ್ನೆ, ಅಂಗಳದ ಒಗಟು ಎಂಬ ಮೂರು ರೂಪಗಳಲ್ಲಿ ಅದು ಬಾಳಿದೆ. ಆದರೆ ಅದು ಎಲ್ಲರ ಸೊತ್ತಾಗಿಯೂ ಇರಲಿಲ್ಲ. ಅದರ ಶ್ರೇಷ್ಠವಾದ ರೂಪಕ್ಕೆ ಅಧಿಕಾರದ ಬೇಲಿಯಿದ್ದಿತು, ಬೇಲಿಯನ್ನು ದಾಟಿದವರ ನೆನಪೇ ಐತಿಹ್ಯಗಳಾಗಿ ಉಳಿದಿದೆ. ಶಾಲೆಯು ಬೇಲಿಯನ್ನು ತೆಗೆಯಿತು. ಜೊತೆಗೆ ಉತ್ತರದಿಂದ ಹೇತುವನ್ನು ಅಗಲಿಸಿತು.

ಇದರಿಂದ ಸಾಹಿತ್ಯದ ಉಪಾಧ್ಯಾಯರಿಗೆ ದೊರೆಯುವ ಸೂಚನೆಯು ಸರಳವಾದುದು. ಹೊಸ ಪಠ್ಯವಾಗಲಿ ಹೊಸ ಸಾಧನವಾಗಲಿ ಇದಕ್ಕೆ ಬೇಡ. ವಿದ್ಯಾರ್ಥಿಯು ಕೊಟ್ಟ ಉತ್ತರವು ಸರಿಯಾಗಿದ್ದಾಗಲೂ, 'ಇದನ್ನು ಪದ್ಯದ ಯಾವ ಶಬ್ದದಿಂದ ತಿಳಿದೆ?' ಎಂಬ ಎರಡನೆಯ ಪ್ರಶ್ನೆಯನ್ನು ಕೇಳಬೇಕು. ಉತ್ತರವು ತಪ್ಪಾಗಿದ್ದಾಗ ಅದನ್ನು ತಳ್ಳದೆ ಪೂರ್ವಪಕ್ಷವಾಗಿ ಕರಿಹಲಗೆಯ ಮೇಲೆ ಬರೆದು, ಅದು ಎಲ್ಲಿಯವರೆಗೆ ನಿಲ್ಲುವುದೆಂದು ತರಗತಿಯೆಲ್ಲವೂ ನೋಡಬೇಕು. ಪ್ರಶ್ನೆಯೊಳಗಿನ ಶಬ್ದವನ್ನೇ ಪರೀಕ್ಷಿಸಿ ಮರಳಿಸುವ ವಿದ್ಯಾರ್ಥಿಯನ್ನು ಉದ್ಧಟನೆಂದು ಎಣಿಸಬಾರದು; ಛಲವನ್ನೂ ವಿಚಾರವನ್ನೂ ಬೇರ್ಪಡಿಸುವ ಭಾರವು ಉಪಾಧ್ಯಾಯನದು.

ಈ ಸೀಮೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಅನುಕೂಲವಿದೆ. ಸರ್ವಜ್ಞನ ತ್ರಿಪದಿಯಾಗಲಿ ಶರೀಫರ ಪದವಾಗಲಿ ಅಚ್ಚಿನಲ್ಲಿ ಒಂದು ಬಗೆಯಾಗಿದ್ದರೆ ಮನೆಯ ಹಿರಿಯರ ಬಾಯಲ್ಲಿ ಇನ್ನೊಂದು ಬಗೆಯಾಗಿರಬಹುದು. ೨೦೧೧ರಲ್ಲಿ ಶಿಗ್ಗಾಂವ ತಾಲ್ಲೂಕಿನ ಗೊಟಗೋಡಿಯಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಇಂಥ ಬಾಯಿಯ ಪಾಠಗಳ ನಡುವೆಯೇ ನಿಂತಿದೆ. ಮನೆಯ ಪಾಠವನ್ನೂ ಪುಸ್ತಕದ ಪಾಠವನ್ನೂ ಎದುರೆದುರು ಇರಿಸಿ, ಛಂದಸ್ಸು ಯಾವುದಕ್ಕೆ ಒಪ್ಪುವುದು, ಅರ್ಥವು ಯಾವುದರಲ್ಲಿ ಬಿಗಿಯಾಗಿದೆ, ಯಾವ ಶಬ್ದವು ಈಚಿನದೆಂದು ತೋರುವುದು ಎಂದು ವಿದ್ಯಾರ್ಥಿಗಳಿಂದಲೇ ವಿಚಾರ ಮಾಡಿಸಿದರೆ, ಉತ್ತರವನ್ನು ಎಲ್ಲಿಂದಲೂ ನಕಲು ಮಾಡಲಾಗದು. ಏಕೆಂದರೆ ಆ ಪಾಠವು ಯಾವ ಗೈಡಿನಲ್ಲಿಯೂ ಇಲ್ಲ. ಅಂಥ ಉತ್ತರವು ತಪ್ಪಾದರೂ ಅದಕ್ಕೊಂದು ಹೇತುವಿರುವುದು. ಹೇತುವಿರುವ ತಪ್ಪನ್ನು ತಿದ್ದಬಹುದು.